ಕಿರಿಯನ ಮಾತು ಮೊದಲು

ವಾರ್ಷಿಕೋತ್ಸವಕ್ಕೆ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಸೈನ್ಯದ ವಿಚಾರಣೆಯನ್ನೇ ನಾಟಕ ಮಾಡಬೇಕೆಂದು ಅಧ್ಯಕ್ಷ ಶಶಿಧರ್ ಹಟ ಹಿಡಿದದ್ದಕ್ಕೆ ಕಾರಣವಿತ್ತು. ಆ ಸೈನಿಕ ನ್ಯಾಯಾಲಯದಲ್ಲಿ ಹದಿಮೂರು ಅಧಿಕಾರಿಗಳು ಕೂರುತ್ತಾರೆ. ಮಳವಳ್ಳಿಯ ಈ ಕಾಲೇಜಿನ ಆಡಳಿತ ಮಂಡಳಿಯಲ್ಲೂ ಹದಿಮೂರೇ ಜನ. ಎಲ್ಲರಿಗೂ ಒಂದೊಂದು ಪಾತ್ರ, ಯಾರೂ ಮುನಿಸಿಕೊಳ್ಳುವಂತಿಲ್ಲ.

ಏರ್ಪಾಡೆಲ್ಲ ಇತಿಹಾಸ ಪಾಠ ಮಾಡುವ ಅರುಂಧತಿಯ ಹೆಗಲಿಗೆ ಬಿತ್ತು. ಮಂಡಳಿಯ ನಡಾವಳಿ ಬರೆಯುವವಳೂ ಅವಳೇ. ಮಂಡ್ಯದಿಂದ ಬಾಡಿಗೆಯ ಕೆಂಪು ಕೋಟುಗಳು ಬಂದವು. ಗುಂಡಿ ಹತ್ತದ ಹೊಟ್ಟೆಗಳಿಗೆ ಪಿನ್ನು ಹಾಕಿದ್ದಾಯಿತು.

ತಾಲೀಮಿನ ದಿನವೇ ಬೆಳ್ಳಮ್ಮನ ನಿಜವಾದ ವಿಚಾರಣೆಯೂ ಇತ್ತು. ಗೇಟು ಕಾಯುವ ಬೆಳ್ಳಮ್ಮ, ಹೆರಿಗೆ ನೋವು ಬಂದ ಮಗಳನ್ನು ಆಸ್ಪತ್ರೆಗೆ ಸೇರಿಸಲು ಓಡಿದ್ದಳು. ಅಷ್ಟರಲ್ಲಿ ಅಧ್ಯಕ್ಷರ ಕಾರು ಹೊರಗೆ ನಿಂತು ಹತ್ತು ನಿಮಿಷ ಹಾರನ್ ಹೊಡೆದಿತ್ತು.

"ಕೋಟು ಬಿಚ್ಚೋದ್ಯಾಕೆ, ಇಂಗೇ ಮುಗಿಸ್ಬುಡಾನ," ಎಂದರು ಅಧ್ಯಕ್ಷರು.

ಬೆಳ್ಳಮ್ಮನನ್ನು ಕೆಲಸದಿಂದ ತೆಗೆಯುವ ಆದೇಶ ಬೆಳಿಗ್ಗೆಯೇ ಟೈಪಾಗಿತ್ತು. ಟೈಪ್ ಮಾಡಿದ್ದು ಅರುಂಧತಿ. ಇಪ್ಪತ್ತೆರಡು ವರ್ಷದಿಂದ ಅವಳ ಕೈ ಹೀಗೆಯೇ ನಡೆದಿದೆ. ಮನೆಯಲ್ಲೂ ಎಲ್ಲ ತೀರ್ಮಾನವಾದ ಮೇಲೆ ಅವಳನ್ನು ಕೇಳುತ್ತಾರೆ. ಅವಳು ಸರಿ ಎನ್ನುತ್ತಾಳೆ. ಇವತ್ತು ಸೆರಗಿನ ತುದಿ ಹಿಂಡುತ್ತ ನಿಂತ ಬೆಳ್ಳಮ್ಮನನ್ನು ನೋಡಿ ಬಾಯಿ ತಾನಾಗಿ ತೆರೆಯಿತು.

"ಕೋಟು ಹಾಕ್ಕೊಂಡ ಮೇಲೆ ನಿಯಮವೂ ಆ ಸೈನ್ಯದ್ದೇ ಸಾರ್. ಎಲ್ಲರಿಗಿಂತ ಕಿರಿಯರು ಮೊದಲು ಹೇಳಬೇಕು. ಅಧ್ಯಕ್ಷರು ಕೊನೆಗೆ."

"ದೊಡ್ಡೋರ ಮಾತು ಕೊನೆಗೇ ಅಲ್ವಾ," ಎಂದು ಅವರು ಟೋಪಿ ಸರಿಮಾಡಿಕೊಂಡರು.

ಕಿರಿಯನೆಂದರೆ ಹೋದ ತಿಂಗಳು ಮಂಡಳಿ ಸೇರಿದ ಯತೀಶ್, ಮದ್ದೂರಿನಲ್ಲಿ ಹೋಟೆಲು ಇಟ್ಟವನು. ಒಂದು ತಿಂಗಳಲ್ಲಿ ಅವನು ಕಲಿತಿದ್ದ ಕೆಲಸ ಅಧ್ಯಕ್ಷರ ಮುಖ ನೋಡುವುದು.

"ಆ ಕಡೆ ನೋಡಬಾರದು," ಎಂದಳು ಅರುಂಧತಿ.

ಅವನು ವಿಧಿಯಿಲ್ಲದೆ ಬೆಳ್ಳಮ್ಮನನ್ನು ನೋಡಿದ. "ನೋವು ತಿನ್ನೋ ಮಗಳ ಬುಟ್ಟು ಗೇಟ್ ಕಾಯಕ್ಕಾಯ್ತದಾ? ತಪ್ಪಿಲ್ಲ ಬುಡಿ."

ಉಳಿದವರಿಗೆ ಮೊದಲು ಮಾತಾಡಿದವರ ಹಿಂದೆ ಹೋಗಿಯೇ ಅಭ್ಯಾಸ. "ಅಂಗೇ ಆಗ್ಲಿ," ಎಂದರು ಎರಡನೆಯವರು. "ಅಂಗೇ ಆಗ್ಲಿ," ಎಂದರು ಮೂರನೆಯವರು. ಹನ್ನೆರಡು ಕೋಟುಗಳೂ ಹಾಗೆಯೇ ಅಂದವು.

ಅಧ್ಯಕ್ಷರು ಕೆಮ್ಮಿದರು. "ಎಲ್ರೂ ಒಪ್ಪಿದ್ ಮೇಲೆ ನಂದೇನೈತೆ."

ಅರುಂಧತಿ ಟೈಪಾದ ಆದೇಶವನ್ನು ಮಗುಚಿ, ಖಾಲಿ ಬೆನ್ನಿನ ಮೇಲೆ ನಡಾವಳಿ ಬರೆದಳು. ಅಧ್ಯಕ್ಷರು ಎಂದಿನಂತೆ ಓದದೆ ಸಹಿ ಹಾಕಿದರು.

ಹೊರಡುವಾಗ ಅವರು ತಗ್ಗಿದ ದನಿಯಲ್ಲಿ ಹೇಳಿದರು: "ಮೇಡಂ, ನಾಟಕದಲ್ಲಿ ಆ ಕಿರಿಯರ ನಿಯಮ ತೆಗ್ದಾಕ್ಬುಡಿ. ಜನಕ್ಕೆ ಅರ್ಥ ಆಗಲ್ಲ."

"ನಾಟಕದಿಂದ ತೆಗೀತೀನಿ ಸಾರ್. ಇನ್ನು ಮುಂದಿನ ಸಭೆಗಳಿಗೆ ಅದೇ ನಿಯಮ ಅಂತ ನಡಾವಳಿಯಲ್ಲಿ ಬರೆದಿದೆ. ನಿಮ್ಮ ಸಹಿಯೂ ಇದೆ."

ಗೇಟಿನ ಬಳಿ ಕಾರು ಹಾರನ್ ಹೊಡೆಯುವ ಮೊದಲೇ ಬೆಳ್ಳಮ್ಮ ಬಾಗಿಲು ತೆರೆದು ನಿಂತಿದ್ದಳು.