ಕುಂಕುಮ ಇಟ್ಟ ಸಿಪಿಯು

ಮಿಷಿನ್ನಿನ ಮುಚ್ಚಳ ತೆಗೆಯುವ ಮೊದಲೇ ತೀರ್ಪು ಕೊಡುವುದು ನನ್ನ ಕೆಟ್ಟ ಅಭ್ಯಾಸ. ಬೋಗಾದಿಯಲ್ಲಿ ಹನ್ನೊಂದು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ, ಆ ಅಭ್ಯಾಸ ಇನ್ನೂ ಹೋಗಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ.

ಆಯುಧಪೂಜೆಯ ಮಾರನೆಯ ಬೆಳಗ್ಗೆ ತೇಜಸ್ವಿನಿಯವರ ಫೋನು ಬಂತು. ಪಕ್ಕದ ಬಡಾವಣೆಯಲ್ಲಿ ಮನೆಯಲ್ಲೇ ಕೂತು ವಿದ್ಯಾರ್ಥಿಗಳ ಥೀಸಿಸ್ ಟೈಪ್ ಮಾಡಿಕೊಡುವವರು. ಕಂಪ್ಯೂಟರ್ ಆನ್ ಆಗುತ್ತಿಲ್ಲ, ನಾಳೆ ಒಬ್ಬಳ ಥೀಸಿಸ್ ಕೊಡಲೇಬೇಕು ಎಂದರು. ಊರೆಲ್ಲ ಜಂಬೂ ಸವಾರಿ ನೋಡಲು ಹೊರಟಿತ್ತು. ನಾನು ಪೂಜೆಗಿಟ್ಟಿದ್ದ ಸ್ಕ್ರೂಡ್ರೈವರನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡು ಹೊರಟೆ. ಸಿಟ್ಟು ಮೂಗಿನ ತುದಿಯಲ್ಲಿತ್ತು.

ಸಿಪಿಯು ಡಬ್ಬದ ಮೇಲೆ ಬಾಡಿದ ಸೇವಂತಿಗೆ, ಮುಂಬದಿಗೆ ವಿಭೂತಿ, ಫ್ಯಾನಿನ ಜಾಲರಿಯವರೆಗೂ ಉದುರಿದ ಕುಂಕುಮ.

"ಪೂಜೆ ಆದ್ಮೇಲೆ ಸ್ವಿಚ್ ಹಾಕುದ್ರೆ ಸತ್ತೋಗಿತ್ತು. ನಮ್ಮತ್ತೆ ಏನೋ ಮಾಡ್ಬುಟ್ಟವ್ರೆ," ಎಂದರು ತೇಜಸ್ವಿನಿ. ಅವರ ಅತ್ತೆ ಸಿದ್ದಲಿಂಗಮ್ಮ ಅಡುಗೆಮನೆಯ ಬಾಗಿಲಲ್ಲೇ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಎಲ್ಲವೂ ಅವರಿಗೆ ಕೇಳಿಸುತ್ತಿತ್ತು.

"ನಾನು ಬರೀ..." ಎಂದು ಆಯಮ್ಮ ಬಾಯಿ ತೆರೆದರು.

"ಸುಮ್ನಿರಿ ಅಮ್ಮ," ಎಂದೆ. "ಒಳಕ್ಕೆ ಕುಂಕುಮ ಹೋಗಿದೆ, ತೀರ್ಥನೂ ಬಿದ್ದಿರುತ್ತೆ. ಬೋರ್ಡ್ ಹೋಗಿರ್ಬೇಕು. ದೇವ್ರಿಗೆ ಮಾಡೋದ್ನೆಲ್ಲ ಇದಕ್ಕೂ ಮಾಡುದ್ರೆ ಇನ್ನೇನಾಗುತ್ತೆ?"

ಸಿದ್ದಲಿಂಗಮ್ಮ ತಲೆ ತಗ್ಗಿಸಿದರು. ತೇಜಸ್ವಿನಿ ದನಿ ಇಳಿಸಿ, "ಅತ್ತೆ ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ. ನನ್ನಿಂದ ಸೊಸೆ ಅನ್ನಕ್ಕೆ ಕಲ್ಲು ಬಿತ್ತು, ಮಗಳ ಮನೆಗೆ ಹೋಗ್ಬುಡ್ತೀನಿ ಅಂತ ಬ್ಯಾಗ್ ತುಂಬಿಟ್ಟವ್ರೆ," ಎಂದರು. ನನ್ನ ಮಾತು ಆ ಬ್ಯಾಗಿನ ಜಿಪ್ಪನ್ನೂ ಎಳೆದು ಮುಚ್ಚಿತು ಎನಿಸಿತು.

ಸ್ವಿಚ್ ಹಾಕಿದೆ. ದೀಪ ಹತ್ತಿತು, ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪು. ಮೂರು ಸಲ ಬೀಪ್ ಎಂದಿತು. ಬೋರ್ಡು ಸತ್ತಿದ್ದರೆ ಬೀಪ್ ಎಲ್ಲಿಂದ ಬರಬೇಕು? ಕರೆಂಟು ಸರಿಯಿದೆ, ಬೋರ್ಡು ಜೀವಂತವಾಗಿದೆ, ಮೆಮೊರಿಯ ಪಟ್ಟಿಯಾದ ರ‍್ಯಾಮ್ ಸಿಗುತ್ತಿಲ್ಲ ಎಂದು ಅದು ಹೇಳುತ್ತಿತ್ತು. ನನ್ನ ತೀರ್ಪು ಅಲ್ಲಿಗೇ ಅಲ್ಲಾಡಿತು.

ಪಕ್ಕದ ಮುಚ್ಚಳ ಬಿಚ್ಚಿದೆ. ಒಳಗೆ ಒಂದು ಹನಿ ನೀರಿನ ಕಲೆಯೂ ಇಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಐದು ವರ್ಷದ ಹಳೆಯ ಡಬ್ಬದಲ್ಲಿ ಧೂಳೂ ಇರಲಿಲ್ಲ. ರ‍್ಯಾಮ್ ಪಟ್ಟಿಯ ಒಂದು ತುದಿ ಕೊಂಚ ಮೇಲೆದ್ದು, ಆ ಕಡೆಯ ಕ್ಲಿಪ್ಪು ತೆರೆದುಕೊಂಡಿತ್ತು. ಕ್ಲಿಪ್ಪು ತೆಗೆಯುವುದು ಕುಂಕುಮದ ಕೈಲಾಗುವ ಕೆಲಸವಲ್ಲ.

"ಇದನ್ನ ಯಾರು ಬಿಚ್ಚಿದ್ರು?"

ತೇಜಸ್ವಿನಿಯವರ ಮುಖ ಸಣ್ಣಗಾಯಿತು. "ನಾನೇ. ಪೂಜೆ ಹಿಂದಿನ ದಿನ ಎಲ್ಲಾನೂ ಒರೆಸಿಡ್ಬೇಕಲ್ಲ. ಇದನ್ನೂ ಬಿಚ್ಚಿ ಒರೆಸಿ, ತಿರುಗಿ ಸಿಕ್ಕಿಸ್ದೆ."

"ಆಮೇಲೆ ಆನ್ ಮಾಡಿ ನೋಡಿದ್ರಾ?"

"ಇಲ್ಲ. ಒರೆಸಿಟ್ಟ ಮೇಲೆ ಪೂಜೆ ಆಗೋವರ್ಗೂ ಮುಟ್ಟಬಾರ್ದು ಅಂತ ಬುಟ್ಟೆ."

ಪಟ್ಟಿಯನ್ನು ತೆಗೆದು, ತುದಿಯನ್ನು ರಬ್ಬರಿನಿಂದ ಉಜ್ಜಿ, ಟಿಕ್ ಎನ್ನುವವರೆಗೆ ಒತ್ತಿದೆ. ಪರದೆ ಬೆಳಗಿತು. ಥೀಸಿಸ್ ಇಟ್ಟಲ್ಲೇ ಇತ್ತು. ಇಂಥ ಹೊತ್ತಿನಲ್ಲಿ ನನಗೆ ಒಳಗೊಳಗೇ ಜಂಬ ಬರುತ್ತದೆ. ಅವತ್ತು ನಾಚಿಕೆಯಾಯಿತು.

ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. "ಅಮ್ಮ, ತಪ್ಪು ನಿಮ್ದಲ್ಲ. ನೋಡ್ದೆ ಮಾತಾಡ್ಬುಟ್ಟೆ. ಮನಸ್ಸಿಗೆ ಹಾಕೋಬೇಡಿ."

"ನನ್ನಿಂದ್ಲೇ ಆಗಿದ್ದು ಅತ್ತೆ," ಎಂದರು ತೇಜಸ್ವಿನಿ. ಅವರ ಕಣ್ಣು ತುಂಬಿತ್ತು.

ಸಿದ್ದಲಿಂಗಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ಮೊರದಲ್ಲಿದ್ದ ಕೊನೆಯ ಹುರುಳಿಕಾಯಿಯನ್ನೂ ಮುರಿದು ಹಾಕಿದರು.

"ಬರೀ ಒಣ ಕುಂಕುಮ ಇಟ್ಟಿದ್ದು ಕಣಪ್ಪ, ನೀರು ತಾಕಿಸ್ಲಿಲ್ಲ. ನಿನ್ನೆಯಿಂದ ಅದನ್ನೇ ಹೇಳಕ್ಕೋಗ್ತಿದ್ದೆ. ಆ ಡಬ್ಬಾನ ಬಿಚ್ಚಿ, ತಿರುಗ್ಸಿ, ಎಲ್ಲೇನಾಗಿದೆ ಅಂತ ಎಷ್ಟೊತ್ತು ನೋಡುದ್ರಿ. ನನ್ನ ಒಂದ್ ಮಾತು ಇಬ್ರೂ ಕೇಳ್ಲಿಲ್ಲ."

ತೇಜಸ್ವಿನಿ ಅವರ ಪಕ್ಕದಲ್ಲೇ ನೆಲಕ್ಕೆ ಕೂತರು. "ಈಗ ಹೇಳಿ ಅತ್ತೆ, ಕೇಳ್ತೀನಿ."

"ಈಗೇನ್ ಕೇಳ್ತೀಯಮ್ಮ," ಎಂದು ಸಿದ್ದಲಿಂಗಮ್ಮ ಮೊರ ಎತ್ತಿಕೊಂಡು ಎದ್ದರು. "ಅದು ಸ್ಟಾರ್ಟ್ ಆಯ್ತಲ್ಲ."