ಹೆಸರೆತ್ತಬಾರದ ಸೋಡಾ

ಚಹಾ ಕೆಟಲಿನ ಮೂತಿಯೊಳಗೆ ಕಿರುಬೆರಳು ತೂರಿಸಿ ಉಜ್ಜುತ್ತಿದ್ದ ಚೊಲ್ಪೊನ್, ಕರೆ ಇನ್ನೂ ಅರ್ಧ ಇರುವಾಗಲೇ ಖಾಲಿ ಪೊಟ್ಟಣವನ್ನು ತಲೆಕೆಳಗು ಮಾಡಿ ಕೊಡವಿದಳು.

"ಅತ್ತೆ, ಕರೆ ತೆಗೆಯೋದು ಮುಗೀತು."

"ಮುಂದಿನ ಕೋಣೆ ಕಪಾಟಲ್ಲಿ ಎದೆಯುರಿ ಇಳಿಸೋದು ಇದೆಯಲ್ಲ, ಅದರಲ್ಲೇ ಒಂದು ಚಮಚ ತಗೊಂಡ್ಬಾ," ಎಂದಳು ಅತ್ತೆ ಬುರುಲ್ಚಾ.

ಕರೆ ತೆಗೆಯುವುದೂ ಎದೆಯುರಿ ಇಳಿಸುವುದೂ ಒಂದೇ ವಸ್ತು, ಅಡುಗೆ ಸೋಡಾ. ಆದರೆ ಆ ಮನೆಯ ಹೆಂಗಸರು ಸೋಡಾ ಅನ್ನುವಂತಿರಲಿಲ್ಲ. ಮನೆಯ ಹಿರಿಯಜ್ಜನ, ಅಂದರೆ ಬುರುಲ್ಚಾಳ ಮಾವನ, ಹೆಸರು ಸೋಡೊನ್‌ಬೆಕ್. ವಾರಿಗೆಯವರು ಕೂಗುತ್ತಿದ್ದದ್ದು ಸೋಡಾ ಎಂದೇ. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆಯಾದವಳು ಎತ್ತಬಾರದು, ಆ ಹೆಸರಿನಂತೆ ಕೇಳಿಸುವ ಮಾತನ್ನೂ ಆಡಬಾರದು. ನಮ್ಮ ಕೊಚ್ಕೊರ್ ಕಡೆ ಅರ್ಧ ಮನೆಗಳು ಈ ಶಾಸ್ತ್ರವನ್ನು ಯಾವತ್ತೋ ಗಾಳಿಗೆ ತೂರಿವೆ. ಬುರುಲ್ಚಾ ಮಾತ್ರ ಬಿಟ್ಟಿರಲಿಲ್ಲ.

ಹಣೆಬರಹ ನೋಡಿ, ಅವಳಷ್ಟು ಸೋಡಾ ಬಳಸುವ ಹೆಂಗಸು ಇಡೀ ಕಣಿವೆಯಲ್ಲಿ ಇನ್ನೊಬ್ಬಳಿರಲಿಲ್ಲ. ನಾದುವ ಹಿಟ್ಟಿಗೆ ಸೋಡಾ, ಗಂಟಲು ನೋವಿಗೆ ಸೋಡಾ, ಕಣಜ ಕಚ್ಚಿದರೆ ಸೋಡಾ, ಮಗ ತಾಲಾಯ್‌ನ ಬೂಟಿನ ವಾಸನೆಗೆ ಸೋಡಾ, ಕುರಿಮಾಂಸ ಇಟ್ಟ ಫ್ರಿಜ್ಜಿನ ಮೂಲೆಗೊಂದು ಬಟ್ಟಲು ಸೋಡಾ. ಒಂದೊಂದು ಕೆಲಸಕ್ಕೂ ಒಂದೊಂದು ಅಡ್ಡಹೆಸರು ಹುಟ್ಟಿಕೊಂಡು, ಹೊಸದಾಗಿ ಬಂದ ಸೊಸೆ ಚೊಲ್ಪೊನ್‌ಗೆ ಆ ಭಾಷೆ ಕಲಿಯುವಷ್ಟರಲ್ಲಿ ಸಾಕುಸಾಕಾಗಿತ್ತು. ಒಮ್ಮೆ ಅವಳು ಗಂಡ ತಾಲಾಯ್‌ಗೆ ಪೇಟೆಯಿಂದ "ಬೂಟು ಶುದ್ಧ ಮಾಡೋ ಬಿಳೀದು" ತರಲು ಹೇಳಿದ್ದಳು. ಆ ಮಹಾನುಭಾವ ಗೋಡೆಗೆ ಬಳಿಯುವ ಸುಣ್ಣ ಹೊತ್ತು ತಂದ.

ಚೊಲ್ಪೊನ್ ಬಿಷ್ಕೆಕ್ಕಿನವಳು. ಪಟ್ಟಣದ ಹುಡುಗಿಯ ನಾಲಿಗೆ ಚಳಿಗಾಲ ಮುಗಿಯುವುದರೊಳಗೆ ಜಾರುತ್ತದೆ ಎಂದು ಬೀದಿಯವರೆಲ್ಲ ಕಾದಿದ್ದರು, ಜಾರಿರಲಿಲ್ಲ. ಈ ದಿನ ಅವಳ ಅಪ್ಪ ಅಮ್ಮ ಮೊದಲ ಸಲ ಬೀಗರ ಮನೆಗೆ ಬರುವವರಿದ್ದರು. ಅವರ ಎದುರಿಗೇ ಸೊಸೆಯ ನಾಲಿಗೆಯನ್ನು ಹೊಗಳುತ್ತೇನೆ ಎಂದು ಬುರುಲ್ಚಾ ಅಕ್ಕಪಕ್ಕದವರಿಗೆಲ್ಲ ಹೇಳಿಟ್ಟಿದ್ದಳು. ಅತ್ತ ತಾಯಿ ಬೆಳಗ್ಗೆಯೇ ಫೋನು ಮಾಡಿ, ಬೀಗರ ಮುಂದೆ ನಮ್ಮ ತಲೆ ತಗ್ಗಿಸಬೇಡ ಮಗಳೇ ಎಂದು ಬೇಡಿಕೊಂಡಿದ್ದಳು. ಚೊಲ್ಪೊನ್‌ಗೆ ಊಟ ಸೇರಿರಲಿಲ್ಲ.

ಬೀಗರಿಗೆ ಬೋರ್ಸೋಕ್ ಕರಿಯಬೇಕಲ್ಲ. ದೊಡ್ಡ ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು. ಬಾಣಲೆಯ ಮುಚ್ಚಳ ಜಿಡ್ಡಾಗಿದೆ ಎಂದು ಬುರುಲ್ಚಾ ಅದನ್ನೂ ಅಂಗಳದಲ್ಲಿ "ಜಿಡ್ಡು ಬಿಡಿಸೋದ"ರ ನೀರಿನಲ್ಲಿ ನೆನೆಹಾಕಿದ್ದಳು. ಚೊಲ್ಪೊನ್ ಹಿಟ್ಟಿನ ಚೂರುಗಳನ್ನು ಕತ್ತರಿಸುತ್ತ, ಅಪ್ಪನ ಕಾರು ಬಂತೇ ಎಂದು ಕಿಟಕಿಯತ್ತ ಒಂದು ಗಳಿಗೆ ಹೆಚ್ಚೇ ನೋಡಿದಳು. ಭಗ್ಗೆಂದಿತು. ತಿರುಗಿದರೆ ಬಾಣಲೆಯ ಮೇಲೆ ಮೊಳದುದ್ದ ಬೆಂಕಿ.

ಗ್ಯಾಸು ಆರಿಸಿದಳು. ಬೆಂಕಿ ಆರಲಿಲ್ಲ. ಅಷ್ಟರಲ್ಲಿ ಬುರುಲ್ಚಾ ನೀರಿನ ಬಕೆಟ್ ಎತ್ತಿಕೊಂಡು ಬಂದಳು. ಉರಿಯುವ ಎಣ್ಣೆಗೆ ನೀರು ಬಿದ್ದರೆ ಮನೆಯೇ ಹೋಗುತ್ತದೆ. ಚೊಲ್ಪೊನ್ ಅತ್ತೆಯ ಸೊಂಟವನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಳು. ಅತ್ತೆ ಗಟ್ಟಿ ಹೆಂಗಸು, ಕುದುರೆ ಹಾಲು ಕರೆದ ತೋಳು. ಸೊಸೆಯನ್ನು ಒಲೆಯ ಕಡೆಗೇ ದರದರ ಎಳೆದುಕೊಂಡು ಹೊರಟಳು. ಮುಂದಿನ ಕೋಣೆಯಲ್ಲಿ ಹಾಸು ಹಾಸುತ್ತಿದ್ದವಳು ಹಿರಿ ಸೊಸೆ ಗುಲ್ಸುನ್.

"ಅಕ್ಕಾ, ಹಿಟ್ಟು ಉಬ್ಬಿಸೋದು ತಾ!" ಎಂದು ಕೂಗಿದಳು ಚೊಲ್ಪೊನ್.

ಗಾಬರಿಯಲ್ಲಿ ಗುಲ್ಸುನ್‌ಗೆ ಮೊದಲ ಮಾತು ಮಾತ್ರ ಕೇಳಿಸಿತು. ಹಿಟ್ಟಿನ ಚೀಲವನ್ನೇ ತಬ್ಬಿಕೊಂಡು ಬಂದಳು. ಹಿಟ್ಟು ಬಿದ್ದರೆ ಬೆಂಕಿ ಇನ್ನೂ ಭುಗಿಲೇಳುತ್ತದೆ. ಅದಲ್ಲ, ನೊರೆ ಬರೋದು ಎಂದಳು ಚೊಲ್ಪೊನ್. ಗುಲ್ಸುನ್ ಓಡಿಹೋಗಿ ಬಟ್ಟೆ ಒಗೆಯುವ ಪುಡಿ ತಂದಳು. ಬೆಂಕಿ ಆಗ ಕಿಟಕಿಯ ಪರದೆಗೆ ನಾಲಿಗೆ ಚಾಚುತ್ತಿತ್ತು.

"ಸೋಡಾ!" ಎಂದು ಕಿರುಚಿದಳು ಚೊಲ್ಪೊನ್. "ಸೋಡಾ! ಸೋಡಾ!"

ಬೀದಿ ಕೊನೆಯ ನಾಯಿಗಳು ಬೊಗಳಿದವು. ಗುಲ್ಸುನ್ ಕಪಾಟಿನಲ್ಲಿದ್ದ ಪೊಟ್ಟಣಗಳನ್ನೆಲ್ಲ ಬಾಚಿ ತಂದು ಸುರಿದಳು. ಬುಸ್ಸೆಂದು ಬೆಂಕಿ ಅಡಗಿತು. ಹೊಗೆ ತಿಳಿಯಾದಾಗ ಬಾಗಿಲಲ್ಲಿ ಬೀಗರು ನಿಂತಿದ್ದರು, ಕೈಯಲ್ಲಿ ಕೇಕಿನ ಡಬ್ಬಿ. ಚೊಲ್ಪೊನ್‌ಳ ತಾಯಿಯ ತಲೆ ಆಗಲೇ ತಗ್ಗಿತ್ತು. ಬುರುಲ್ಚಾ ಬಕೆಟ್ ಕೆಳಗಿಟ್ಟು ಸೊಸೆಯನ್ನು ಒಮ್ಮೆ ನೋಡಿದಳು, ಬೀಗಿತಿಯನ್ನು ಒಮ್ಮೆ ನೋಡಿದಳು, ಹೊಗಳಿಕೆಯನ್ನು ನುಂಗಿಕೊಂಡಳು.

"ಬಂದೆ, ಬಂದೆ," ಎಂಬ ದನಿ ಹಿತ್ತಿಲ ಕಡೆಯಿಂದ ಕೇಳಿಸಿತು.

ಎಂಬತ್ತು ದಾಟಿದ ಅಜ್ಜ, ಸೇಬಿನ ಮರದಡಿ ಮಲಗಿದ್ದವನು, ಒಂದೇ ಕಾಲಿಗೆ ಬೂಟು ಸಿಕ್ಕಿಸಿಕೊಂಡು ಗೋಡೆ ಹಿಡಿದು ಬರುತ್ತಿದ್ದ. "ಯಾರು ಕರೆದಿದ್ದು ನನ್ನ?"

ಮಾವನಿಗೆ ಮುಖ ಕೊಡದೆ ಬುರುಲ್ಚಾ ಕ್ಷಮೆ ಕೇಳತೊಡಗಿದಳು. ಚಿಕ್ಕ ಹುಡುಗಿ, ಬೆಂಕಿಯ ಗಾಬರಿ, ಹಿರಿಯರು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಅಜ್ಜನಿಗೆ ಸುಟ್ಟ ಬಾಣಲೆಯೂ ಕಾಣಲಿಲ್ಲ, ಬೀಗರೂ ಕಾಣಲಿಲ್ಲ.

"ಹೆಣ್ಣು ದನಿ," ಎಂದ. "ನಮ್ಮಮ್ಮ ಕೂಗಿದ್ಲು ಅನ್ಕೊಂಡೆ."

ಹೆಂಡತಿ ಬದುಕಿದ್ದಷ್ಟು ಕಾಲವೂ ಅವನನ್ನು "ಇಲ್ಕೇಳಿ" ಎಂದೇ ಕರೆದು ಹೋದಳು. ಮಕ್ಕಳಿಗೆ ಅಪ್ಪ, ಮೊಮ್ಮಕ್ಕಳಿಗೆ ಅಜ್ಜ. ಹೆಸರು ಹಿಡಿದು ಕೂಗುತ್ತಿದ್ದ ಕೊನೆಯ ಗೆಳೆಯ, ಕುರಿ ಮೇಯಿಸುತ್ತಿದ್ದ ಶಾರ್ಶೆನ್, ಹೋದ ವರ್ಷ ಮಣ್ಣಾದ. ಆಮೇಲೆ ಊರಲ್ಲಿ ಆ ಹೆಸರು ಹೇಳುವ ಬಾಯಿಯೇ ಇರಲಿಲ್ಲ. ಪಾಪ, ಅದು ಯಾರಿಗೂ ಹೊಳೆದೂ ಇರಲಿಲ್ಲ.

"ನೀನಾ ಕರೆದಿದ್ದು?" ಅಜ್ಜ ಚೊಲ್ಪೊನ್‌ಳ ಮುಂದೆ ಬಂದು ನಿಂತ. "ಇನ್ನೊಂದ್ಸಲ ಕರಿ ಮಗಾ."

ಚೊಲ್ಪೊನ್ ಸೆರಗಿನಂತೆ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತೆಯತ್ತ ನೋಡಿದಳು. ಬುರುಲ್ಚಾ ಮಸಿ ಹಿಡಿದ ಗೋಡೆಯ ಕಡೆಗೆ ತಿರುಗಿ, ಕೈಗೆ ಸಿಕ್ಕ ಬಟ್ಟೆಯಿಂದ ಅದನ್ನು ಜೋರಾಗಿ ಒರೆಸತೊಡಗಿದಳು.

"ಸೋಡಾ," ಎಂದಳು ಚೊಲ್ಪೊನ್, ತುಟಿ ಅಲುಗಿತೋ ಇಲ್ಲವೋ ಎಂಬಂತೆ.

"ನಂಗೆ ಕಿವಿ ಮಂದ."

"ಸೋಡಾ!"

ಅಜ್ಜ ಬಾಗಿಲ ಚೌಕಟ್ಟಿಗೆ ಒರಗಿ, ಕಣ್ಣು ಮುಚ್ಚಿ, "ಓ" ಎಂದ.