ಎಡಚನ ಉತ್ತರ

ಸಂಗನಬಸವ ತೀರಿಕೊಂಡ ತಂದೆ ಮಹಾದೇವಪ್ಪನನ್ನು ಕೂಡಿಸಿ, ಬೆನ್ನಿಗೆ ತಲೆದಿಂಬು ಕೊಟ್ಟು, ಎದೆಯ ಸುತ್ತ ಧೋತರ ಬಳಸಿ ಕಟ್ಟೆಯ ಕಂಬಕ್ಕೆ ಬಿಗಿಯುತ್ತಿದ್ದ.

"ಗಟ್ಟಿ ಕಟ್ಟೋ, ವಾಲತೈತಿ," ಎಂದ ನಜೀರಸಾಬ. ಮಹಾದೇವಪ್ಪನ ಮಗ್ಗದ ನೂಲಿಗೆ ನಲವತ್ತು ವರ್ಷ ಬಣ್ಣ ಹಾಕಿಕೊಟ್ಟವನು. "ಹನ್ನೊಂದಕ್ಕ ಎತ್ತೂಣು. ಬರೋರೆಲ್ಲಾ ಬಂದ್ರಲ್ಲ?"

"ಎಲ್ಲಿ ಬಂದಾರ?" ಸಿದ್ದಲಿಂಗವ್ವ ಗಂಡನ ಹಣೆಯ ವಿಭೂತಿ ಸರಿಮಾಡಿದಳು. "ಸ್ವೀಡನ್ನಿನ ಎಡಚಗ ಸುದ್ದಿ ಮುಟ್ಟಿಲ್ಲ. ಸುಧಾ, ಫೋನ್ ತಗಿ. ಅವ ಒಂದ್ ಮಾತು ಹೇಳೂತನಕ ಇವರನ್ನ ಎತ್ತಂಗಿಲ್ಲ."

ಮೊಮ್ಮಗಳು ಸುಧಾರಾಣಿ ಫೋನನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. ನೆರೆದವರು ಯಾರೂ ನಗಲಿಲ್ಲ. ಸ್ವೀಡನ್ ದೇಶದ ಹ್ಯಾಂಡ್‌ಬಾಲ್ ಆಟಗಾರನೊಬ್ಬ ಮಹಾದೇವಪ್ಪನ ಗೆಳೆಯನೆಂಬುದು ಗಜೇಂದ್ರಗಡದ ಆ ಓಣಿಗೆಲ್ಲ ಗೊತ್ತಿತ್ತು.

*

ಎರಡು ವರ್ಷದ ಹಿಂದೆ, ಶಾಲೆಯ ಹ್ಯಾಂಡ್‌ಬಾಲ್ ತಂಡದಲ್ಲಿದ್ದ ಸುಧಾರಾಣಿ ಮಗ್ಗದ ಪಕ್ಕ ಕುಳಿತು ಫೋನಿನಲ್ಲಿ ಆಟ ನೋಡುತ್ತಿದ್ದಳು. ಅಜ್ಜ ಲಾಳಿ ನಿಲ್ಲಿಸಿ ಬಗ್ಗಿದ.

"ಏ, ಅವ ಚೆಂಡು ಎಡಗೈಲೆ ಒಗದಾ."

"ಹೂಂ ಅಜ್ಜಾ. ಭಾಳ ದೊಡ್ಡ ಆಟಗಾರ. ಫೋನಿನ್ಯಾಗ ಎಂಟು ಲಕ್ಷ ಮಂದಿ ಅದಾರ ಅವನ ಹಿಂದ."

ಎಡಗೈಯಲ್ಲಿ ಉಂಡಿದ್ದಕ್ಕೆ ಬರೆ ತಿಂದು ಬೆಳೆದವನು, ಓಣಿಯವರ ಬಾಯಲ್ಲಿ ಹೆಸರನ್ನೇ ಕಳೆದುಕೊಂಡು ಬರೀ 'ಎಡಚ'ನಾಗಿದ್ದವನು, ಆ ಅಜ್ಜ ಅವತ್ತು ತನ್ನ ಎಡ ಅಂಗೈಯನ್ನು ತಿರುವಿ ತಿರುವಿ ನೋಡಿಕೊಂಡ. "ಬರಿ ಅವಗ. ಇಲ್ಲೂ ಒಬ್ಬ ಎಡಚ ಅದಾನ ಅಂತ ಬರಿ."

ಬರೆದಳು. ಉತ್ತರ ಬರಲಿಲ್ಲ. ದಿನವೂ "ಬಂತೇನ?" ಎಂದು ಕೇಳುವ ಆ ಮುಖವನ್ನು ನೋಡಲಾರದೆ ಹದಿನೈದನೆಯ ದಿನ, "ಬಂತು ಅಜ್ಜಾ, ಆರಾಮ ಅದೀರೇನು ಅಂತ ಕೇಳ್ಯಾನ," ಅಂದುಬಿಟ್ಟಳು. ಆಯಿ ಸಿದ್ದಲಿಂಗವ್ವನ ಮಡಿಲಲ್ಲಿ ಕತೆ ಕೇಳಿ ಬೆಳೆದವಳಿಗೆ ಮುಂದಿನದನ್ನು ಕಟ್ಟುವುದು ಕಷ್ಟವಾಗಲಿಲ್ಲ. ಸ್ವೀಡನ್ನಿನವನಿಗೆ ಮೊಣಕಾಲು ಬೇನೆಯಾಯಿತು. ಅಜ್ಜ ಎಕ್ಕದೆಲೆ ಕಾಸಿ ಕಟ್ಟಲು ಹೇಳಿ ಕಳಿಸಿದ. ಅದು ವಾಸಿಯೂ ಆಯಿತು. ಚಹಾದಂಗಡಿಯಲ್ಲಿ ಜನ ಮುದುಕನಿಗೆ ಜಾಗ ಬಿಡತೊಡಗಿದರು.

*

ಆಟಗಾರನ ಹೊಸ ಫೋಟೋದ ಕೆಳಗೆ ಸುಧಾರಾಣಿ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಅಜ್ಜ ತೀರಿಕೊಂಡದ್ದನ್ನು ಬರೆದಳು. ಕಣ್ಣೆದುರೇ ಹೃದಯಗಳು, ಚಪ್ಪಾಳೆಗಳು, ಯಾವ ಯಾವುದೋ ದೇಶದ ಬಾವುಟಗಳು ಒಂದರ ಮೇಲೊಂದು ಬಂದು ಕೂತವು. ಅವಳ ಸಾಲು ಎಲ್ಲೋ ಅಡಿಗೆ ಹೋಯಿತು.

"ಏನಂದಾ ಯವ್ವಾ?" ನಜೀರಸಾಬ ಕೇಳಿದ.

ಇನ್ನೊಂದೇ ಸುಳ್ಳು ಸಾಕಿತ್ತು. ಆದರೆ ಅಜ್ಜನ ಅರೆಮುಚ್ಚಿದ ಕಣ್ಣುಗಳು ಎದುರಿಗಿದ್ದವು.

"ಆಯಿ, ಅವ ಒಂದ್ ಸಲಾನೂ ಉತ್ತರ ಕೊಟ್ಟಿಲ್ಲ. ಎಲ್ಲಾ ನಾನ ಹೇಳಿದ್ದು."

ಕಟ್ಟೆಯ ಕೆಳಗೆ ಹಾಡುತ್ತಿದ್ದ ಭಜನೆಯವರ ತಾಳ ನಿಂತಿತು. ಸಂಗನಬಸವ ಮುಖವನ್ನು ಆಚೆ ತಿರುಗಿಸಿದ.

ಸಿದ್ದಲಿಂಗವ್ವ ಮೊಮ್ಮಗಳತ್ತ ನೋಡಲೇ ಇಲ್ಲ. "ಕೂಸು ಅತ್ತತ್ತು ದಣದೈತಿ, ಏನೇನೋ ಅಂತೈತಿ. ಅಲ್ಲಿ ಇನ್ನಾ ಹೊತ್ತು ಹುಟ್ಟಿಲ್ಲ. ಎದ್ದಮ್ಯಾಲ ನೋಡ್ತಾನ. ಕೂಡ್ರಿ ಎಲ್ಲಾರೂ."

ಯಾರೂ ಕೂರಲಿಲ್ಲ. ಬಿಸಿಲು ಕಟ್ಟೆ ಹತ್ತಿ ಮಹಾದೇವಪ್ಪನ ಪಾದ ಮುಟ್ಟಿತು, ಮಂಡಿಗೇರಿತು. ಮುದುಕಿ ಎದ್ದು, ಒಣಗಲು ಹಾಕಿದ್ದ ತನ್ನ ಸೀರೆಯನ್ನು ಎಳೆದು ತಂದಳು. ಅದರ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಎರಡೂ ಕೈಯೆತ್ತಿ ಹಿಡಿದು, ಗಂಡನಿಗೆ ನೆರಳು ಮಾಡಿ ನಿಂತಳು.